ಸಿದ್ದಲಿಂಗವ್ವನ ಪಗಾರ – ಕಂತು ಒಂಬತ್ತು: ಮೂವತ್ತಾರು ಹೆಬ್ಬೆಟ್ಟು

"ಮುಟ್ಟಬ್ಯಾಡ್ರಿ! ಯಾರೂ ಮುಟ್ಟಬ್ಯಾಡ್ರಿ," ಎಂದಳು ಕೌಸರ್. "ಮೊದಲ ಅವರು ನೋಡಲಿ."

ಟೆಂಪೋದಿಂದ ಇಳಿಸಿದ ಐದು ಎಚ್‌ಪಿ ಮೋಟಾರು ಮುನವಳ್ಳಿಯ ಮಡಿವಾಳೆಪ್ಪನ ತಗಡಿನ ಶೆಡ್ಡಿನ ನಟ್ಟನಡುವೆ ಕೂತಿತ್ತು. ಅದು ಸಂಗೊಳ್ಳಿಯ ಮಾಳಪ್ಪನ ಬಾವಿಯ ಮೋಟಾರು, ಸುಟ್ಟು ಎರಡು ದಿನವಾಗಿತ್ತು. ದುರಸ್ತಿಗೆ ಬೈಲಹೊಂಗಲಕ್ಕೆ ಹೋಗಬೇಕಿದ್ದ ಅದನ್ನು ತನ್ನ ಕೈಯಿಂದಲೇ ಬಾಡಿಗೆ ಕೊಟ್ಟು ಇಲ್ಲಿಗೆ ತರಿಸಿದ್ದಳು ಕೌಸರ್. ಅದರ ಮೈಮೇಲಿದ್ದ ಕಂಪನಿಯ ಹೆಸರಿನ ಪಟ್ಟಿಯನ್ನೂ ಬಿಚ್ಚಿ ಚೀಲದಲ್ಲಿ ಹಾಕಿಕೊಂಡಿದ್ದಳು. ಇಲ್ಲಿ ಯಾರೂ ಹಿಂದೆ ಕಾಣದ, ಊರು ಹೆಸರು ಗೊತ್ತಿರದ ಮೋಟಾರೇ ಅವಳಿಗೆ ಬೇಕಿತ್ತು.

ಮಡಿವಾಳೆಪ್ಪ ಸುಟ್ಟ ಮೋಟಾರಿಗೆ ಹೊಸ ತಂತಿ ಸುತ್ತುವ ತನ್ನ ಅಂಗಡಿಯಿಂದ ಮೂರು ವರ್ಷ ಹೆಂಡತಿಗೆ ಪಗಾರ ಕೊಟ್ಟಿದ್ದೇ ಸುಳ್ಳು, ಆಕೆ ಒಂದು ತಂತಿಯನ್ನೂ ಮುಟ್ಟಿದವಳಲ್ಲ ಎಂದು ಇನ್‌ಕಮ್ ಟ್ಯಾಕ್ಸ್ ಆಫೀಸಿಗೆ ಹೆಸರಿಲ್ಲದ ಅರ್ಜಿ ಬಂದಿತ್ತು. ಅದರ ನಿಜ ಸುಳ್ಳು ಹುಡುಕಲು ಇನ್‌ಸ್ಪೆಕ್ಟರ್ ಕೌಸರಳಿಗೆ ಉಳಿದದ್ದು ಇದೊಂದೇ ದಿನ.

ಸಿದ್ದಲಿಂಗವ್ವ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಬಂದಳು. ನಲವತ್ತರ ಆಸುಪಾಸಿನ, ಒಣಕಲು ಮೈಯ ಹೆಂಗಸು. ಗಂಡ ಮಡಿವಾಳೆಪ್ಪ ಮೋಟಾರಿನ ಮುಚ್ಚಳ ಬಿಚ್ಚಿ ಹಿಂದೆ ಸರಿದ. ಆಕೆ ಬಗ್ಗಿ ಮೂಗು ಹತ್ತಿರ ಒಯ್ದಳು. ಆಮೇಲೆ ಒಳಗಿನ ಸುತ್ತುಗಳ ಮೇಲೆ ಬೆರಳಾಡಿಸಿದಳು.

"ಮಾಳಪ್ಪಣ್ಣಾ, ನಿಮ್ಮ ಕಂಬದ ಮ್ಯಾಲ ಒಂದು ಫ್ಯೂಜ್ ಹೋಗಿತ್ತೇನು?"

ಮೋಟಾರಿನ ಜೊತೆಗೇ ಬಂದಿದ್ದ ಮಾಳಪ್ಪ ಬೆರಗಾದ. "ಹೌದ್ರಿ ಬೇ! ಮರುದಿನ ಲೈನ್‌ಮನ್ ಬಂದು ಹಾಕಿದ. ನಿಮಗ ಹೆಂಗ ಗೊತ್ತಾತು?"

"ಇಲ್ಲಿ ನೋಡ್ರಿ. ಎರಡು ಪಾಲು ಕರಿ ಬೂದಿ ಆಗೇತಿ, ಒಂದು ಪಾಲು ಹೊಸಾದಿದ್ದಂಗ ಐತಿ. ಮೂರು ತಂತಿಯೊಳಗ ಬರೂ ಕರೆಂಟ ಎರಡರಾಗ ಬಂದ್ರ ಹಿಂಗಾ ಸುಡತೈತಿ. ನೀರಾಗ ಮುಳುಗಿ ಸುಟ್ಟಿದ್ರ ವಾಸನೀನ ಬ್ಯಾರೆ."

ಕೌಸರ್ ಅದನ್ನು ಬರೆದುಕೊಂಡಳು. ಕೈ ಸ್ವಲ್ಪ ಅವಸರದಲ್ಲಿ ಓಡುತ್ತಿತ್ತು.

"ಮೇಡಂ, ಇದೆಲ್ಲಾ ಯಾಕ್ರಿ?" ಬೆಂಚಿನ ಮೇಲಿಂದ ಮಹಾದೇವ ಎದ್ದ. ಇವನು ಸಿದ್ದಲಿಂಗವ್ವನ ಸ್ವಂತ ತಮ್ಮ. ರಾಮದುರ್ಗದಲ್ಲಿ ಟೈಪ್‌ರೈಟರ್ ಇಟ್ಟುಕೊಂಡು ನಾಲ್ಕೂರಿನ ಅಂಗಡಿಗಳ ಲೆಕ್ಕ ಬರೆಯುವವನು, ಅಕ್ಕನ ಮನೆಯ ಲೆಕ್ಕವೂ ಅವನದೇ. "ವೋಚರ ಅದಾವ, ಲೆಕ್ಕದ ವಹಿ ಐತಿ. ಕಾಗದ ನೋಡೂದ ಬಿಟ್ಟು ನಮ್ಮ ಅಕ್ಕನ ಪರೀಕ್ಷಾ ಮಾಡಾಕ ಹತ್ತೀರಿ."

"ಕಾಗದ ಮೂರು ವಾರದಿಂದ ನೋಡೇನಿ ಮಹಾದೇವ ಅವರ. ಕಾಗದ ಮೋಟಾರ ಸುತ್ತಂಗಿಲ್ಲ."

ಮಡಿವಾಳೆಪ್ಪ ದೊಡ್ಡದಾಗಿ ನಕ್ಕ. ಅವನೇ ಚಹಾದ ಗ್ಲಾಸನ್ನು ಅಂಗಿಯ ತುದಿಯಿಂದ ಒರೆಸಿ ಕೌಸರಳಿಗೆ ಕೊಟ್ಟ. ಒರೆಸುವಾಗ ಗ್ಲಾಸು ಹಿಡಿದಿದ್ದ ಎಡಗೈ ಹೆಬ್ಬೆರಳಿನ ಮೂಲೆಯಲ್ಲಿ ಬಿಳಿ ಕಲೆಯೊಂದು ಹೊಳೆಯಿತು. ಇಂಥ ಶೆಡ್ಡುಗಳಲ್ಲಿ ಕಲೆಯಿಲ್ಲದ ಕೈ ಯಾವುದಿದೆ ಎಂದುಕೊಂಡು ಕೌಸರ್ ಚಹಾ ಕುಡಿದಳು.

"ನಾ ಬಿಚ್ಚಾಂವ್ರಿ, ಇಕಿ ಸುತ್ತಾಕಿ," ಎಂದ ಮಡಿವಾಳೆಪ್ಪ. "ಬೋರ್ಡಿನ ಮ್ಯಾಲ ಹೆಸರ ನಂದು, ಕೆಲಸ ಇಕೀದು. ಇದನ್ನ ಯಾರ ಮುಂದ ಬೇಕಾದ್ರೂ ಹೇಳತೇನಿ."

ಸಿದ್ದಲಿಂಗವ್ವ ಯಾವ ಮಾತನ್ನೂ ಕಿವಿಗೆ ಹಾಕಿಕೊಂಡಿರಲಿಲ್ಲ. ಉಳಿಯಿಂದ ಸುಟ್ಟ ಸುತ್ತೊಂದನ್ನು ಕಡಿದು, ಕಡಿದ ತುದಿಗಳನ್ನು ಜೋಳದ ಕಾಳು ಆರಿಸಿದಂತೆ ಒಂದೊಂದೇ ಎಣಿಸಿದಳು. ಐವತ್ನಾಲ್ಕು. ಒಂದು ಎಳೆಯನ್ನು ಕೆರೆದು ಎರಡು ಬೆರಳ ನಡುವೆ ಹೊರಳಿಸಿದಳು.

"ಇಪ್ಪತ್ತೊಂದು ನಂಬರ ತಂತಿ."

ಕೌಸರ್ ತಾನು ತಂದಿದ್ದ ಅಳತೆಯ ಬಿಲ್ಲೆ ತೆಗೆದಳು. ಅದರ ಅಂಚಿನ ಸೀಳುಗಳಲ್ಲಿ ತಂತಿಯನ್ನು ಇಳಿಸಿ ನೋಡಿದಳು. ಇಪ್ಪತ್ತರಲ್ಲಿ ಸಡಿಲ, ಇಪ್ಪತ್ತೆರಡರಲ್ಲಿ ಹೋಗಲೇ ಇಲ್ಲ. ಇಪ್ಪತ್ತೊಂದರಲ್ಲಿ ಹೇಳಿ ಮಾಡಿಸಿದಂತೆ ಕೂತಿತು.

ಹೊಸ ತಂತಿಯ ಉರುಳೆ ಮಷೀನಿಗೆ ಏರಿತು. ಬಲಗೈಯಲ್ಲಿ ಸುತ್ತುವ ಮಷೀನಿನ ಹಿಡಿಕೆ, ಎಡಗೈಯ ಹೆಬ್ಬೆರಳ ಮೇಲೆ ಹರಿದು ಬರುವ ತಾಮ್ರದ ತಂತಿ. ಕೌಸರ್ ಎಣಿಕೆ ತಪ್ಪಿಸಲೆಂದೇ ಕೆಣಕಲು ಕೂತಳು. ಮಕ್ಕಳೆಷ್ಟು, ತವರು ಯಾವುದು, ಸವದತ್ತಿಗೆ ಬಸ್ಸು ಎಷ್ಟು ಗಂಟೆಗಿದೆ ಎಂದು ಒಂದರ ಹಿಂದೊಂದು ಪ್ರಶ್ನೆ. ಜೊತೆಗೆ ತಾನು ಮನಸ್ಸಿನಲ್ಲೇ ಹಿಡಿಕೆಯ ಸುತ್ತು ಎಣಿಸುತ್ತಿದ್ದಳು. ಸಿದ್ದಲಿಂಗವ್ವ ಎಲ್ಲಕ್ಕೂ ಉತ್ತರ ಕೊಟ್ಟಳು, ನಡುವೆ ಒಮ್ಮೆ ನಕ್ಕಳು ಕೂಡ. ಮೂವತ್ತೊಂದನೆಯ ಸುತ್ತಿಗೆ ತಟ್ಟನೆ ಕೈ ನಿಂತಿತು.

"ಯಾಕ್ರಿ?"

"ಇಲ್ಲಿ ತಂತಿ ಮ್ಯಾಲಿನ ಬಣ್ಣ ಎದ್ದೈತಿ. ನೋಡ್ರಿ."

ಕೌಸರ್ ಕನ್ನಡಕ ಏರಿಸಿ ನೋಡಿದಳು, ಏನೂ ಕಾಣಲಿಲ್ಲ. ಬಿಸಿಲಿಗೆ ಹಿಡಿದಾಗ ಕೂದಲೆಳೆಯಷ್ಟು ಸಣ್ಣ ಗೀರು ಕಂಡಿತು. ಇಷ್ಟೇ ಸಾಕು, ಒಂದು ತಿಂಗಳಲ್ಲಿ ಮೋಟಾರು ಮತ್ತೆ ಸುಡುತ್ತದಂತೆ. ಆಕೆ ಅಲ್ಲಿಗೆ ವಾರ್ನಿಷ್ ಸವರಿ ಎಳೆಯಷ್ಟು ಕಾಗದ ಸುತ್ತಿ ಮುಂದುವರಿದಳು. ಕೌಸರಳ ಲೆಕ್ಕ ಐವತ್ನಾಲ್ಕಕ್ಕೆ ಬಂದಾಗ ಹಿಡಿಕೆಯೂ ನಿಂತಿತು.

"ಎಲ್ಲಾರೂ ಹೆಬ್ಬೆಟ್ಟಿಗೆ ಅರಿವಿ ಕಟ್ಟಿಕೊಂಡ ಸುತ್ತತಾರ," ಎಂದಳು ಸಿದ್ದಲಿಂಗವ್ವ. "ಅರಿವಿ ಕಟ್ಟಿದ್ರ ಇದು ತಿಳಿಯೂದಿಲ್ಲರಿ. ಕಣ್ಣಿಗೆ ಕಾಣದ್ದು ಇದಕ್ಕ ತಿಳಿತೈತಿ."

ಆಕೆ ಎಡಗೈ ಹೆಬ್ಬೆರಳು ಮುಂದೆ ಹಿಡಿದಳು. ಬೆರಳಿನ ಮೆದು ಭಾಗದ ಅಡ್ಡಕ್ಕೆ ಆಳವಾದ ಗೀರು ಬಿದ್ದಿತ್ತು. ಬಾವಿಯ ಕಲ್ಲಿಗೆ ಹಗ್ಗ ತಿಕ್ಕಿ ಬೀಳುತ್ತದಲ್ಲ, ಅಂಥದ್ದು.

"ಇದು ಬಿದ್ದು ಎಷ್ಟು ವರ್ಷಾತು?"

"ಹಿರೀಮಗಳು ಹೊಟ್ಟ್ಯಾಗಿದ್ದಾಗ ಕೆಲಸ ಹಿಡದೇನಿ. ಅಕಿಗೆ ಈಗ ಹದಿನಾಲ್ಕು. ಎರಡು ವರ್ಷದಾಗ ಗೀರ ಬಿತ್ತು, ಮತ್ತ ಹೋಗಲೇ ಇಲ್ಲ."

ಕೌಸರಳಿಗೆ ತನ್ನ ತಾಯಿ ನೆನಪಾದಳು. ಬೈಲಹೊಂಗಲದಲ್ಲಿ ಅವಳ ತಾಯಿ ಇಪ್ಪತ್ತೆರಡು ವರ್ಷ ಬಟ್ಟೆ ಅಂಗಡಿಯವರಿಗೆ ಜಂಪರು ಹೊಲಿದಳು. ಆ ಹೊಲಿಗೆಯಲ್ಲೇ ಕೌಸರ್ ಬಿ.ಕಾಂ. ಮುಗಿಸಿದ್ದು. ರೇಷನ್ ಕಾರ್ಡಿನಲ್ಲಿ, ಮತದಾರರ ಪಟ್ಟಿಯಲ್ಲಿ, ಕಡೆಗೆ ಸಾವಿನ ದಾಖಲೆಯಲ್ಲೂ ತಾಯಿಯ ಹೆಸರಿನ ಮುಂದೆ ಬರೆದದ್ದು ಒಂದೇ: ಉದ್ಯೋಗ, ಮನೆಗೆಲಸ. ಇಂದು ಒಬ್ಬಳು ಹೆಂಗಸಿನ ಹೆಸರಿನ ಮುಂದೆ ಬೇರೆಯದೊಂದು ಬರೆಯುವ ಪೆನ್ನು ತನ್ನ ಕೈಯಲ್ಲಿದೆ ಎನ್ನುವುದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

"ಸರ್ಟಿಫಿಕೇಟ ಇಲ್ಲಲ್ರಿ ಮೇಡಂ ಅಕ್ಕನ ಹಂತ್ಯಾಕ," ಮಹಾದೇವ ಮೆಲ್ಲಗೆ ಎತ್ತಿದ. "ಅದಕ್ಕ ಅಂಜಿಕಿ."

"ಕಾಯ್ದೇ ನಿಮಗ ಗೊತ್ತಿಲ್ಲೇನು? ಗಂಡನ ಅಂಗಡಿಯಿಂದ ಹೆಂಡತಿಗೆ ಹೋದ ಪಗಾರ ಗಂಡನ ಆದಾಯಕ್ಕೇ ವಾಪಸ್ ಸೇರತೈತಿ, ಅವನೇ ಟ್ಯಾಕ್ಸ್ ಕಟ್ಟಬೇಕು. ಯಾಕಂದ್ರ ಹೆಂಡತಿ ಹೆಸರಿಲೆ ಸುಳ್ಳ ಪಗಾರ ತೋರಿಸಿ ಟ್ಯಾಕ್ಸ್ ಉಳಿಸೂ ಮಂದಿ ಭಾಳ. ಆದ್ರ ಹೆಂಡತಿಗೆ ತನ್ನದಾದ ತಾಂತ್ರಿಕ ವಿದ್ಯಾ ಇದ್ದು, ಆ ವಿದ್ಯಾದಿಂದನ ಅಕಿ ದುಡದಿದ್ರ, ಆ ಪಗಾರ ಅಕೀದು. ವಿದ್ಯಾ ಅಂದ್ರ ಕಾಲೇಜಿನ ಕಾಗದಾನ ಆಗಬೇಕಿಲ್ಲ, ಕೈಯಾಗಿನ ಕಸಬೂ ಸಾಕು ಅಂದ ಕೋರ್ಟು ಅದಾವ."

"ಹಂಗಾರ ಬರೀರಿ ಮತ್ತ!"

"ಬರೀತೇನಿ. ನಿನ್ನೆ ಇಸ್ರಾರನ ಕಂಡು ಬಂದೇನಿ. ಅದನ್ನೂ ಬರೀತೇನಿ."

ಇಸ್ರಾರನ ಹೆಸರಿಗೆ ಮಡಿವಾಳೆಪ್ಪ ಮತ್ತು ಮಹಾದೇವ ಮುಖ ಮುಖ ನೋಡಿಕೊಂಡರು. ಇದೇ ಶೆಡ್ಡಿನಲ್ಲಿ ಆರು ವರ್ಷ ದುಡಿದು, ಜಗಳಾಡಿಕೊಂಡು ಹೋಗಿ, ರಾಮದುರ್ಗದಲ್ಲಿ ಸ್ವಂತ ಅಂಗಡಿ ಹಾಕಿದವನು ಇಸ್ರಾರ. ಆ ಹೆಸರಿಲ್ಲದ ಅರ್ಜಿ ಅವನದೇ ಎಂದು ಇಬ್ಬರೂ ಆಣೆ ಮಾಡಿ ಹೇಳಿದ್ದರು. ಕೌಸರಳಿಗೂ ಅದೇ ಗುಮಾನಿ ಇತ್ತು.

"ಏನಂದ ಆ ಹಲಕಟ್?" ಎಂದ ಮಡಿವಾಳೆಪ್ಪ.

"'ಮಾಲಕನ ಜೋಡಿ ನಂದು ಜಗಳಾ ಖರೇ. ಆದ್ರ ನನ್ನ ಉಸ್ತಾದ ಯಾರು ಅಂತ ಕೇಳಿದ್ರ ಸಿದ್ದಲಿಂಗವ್ವಾರು. ನನ್ನ ಅಂಗಡ್ಯಾಗ ಇವತ್ತಿಗೂ ಅವರಂಗ ಸುತ್ತಾಕ ಬರಂಗಿಲ್ಲ' ಅಂದ. ಅಂದು ಸಹಿನೂ ಮಾಡ್ಯಾನ."

ಮಡಿವಾಳೆಪ್ಪ ತಲೆ ತಗ್ಗಿಸಿದ. ಸಿದ್ದಲಿಂಗವ್ವ ಮಾತ್ರ ಸೆರಗಿನ ತುದಿಯಿಂದ ಕಣ್ಣೊರೆಸಿಕೊಂಡು, "ಊಟಾ ಮಾಡ್ಯಾನೋ ಇಲ್ಲೋ ಕೇಳಬೇಕಿತ್ರಿ," ಎಂದಳು.

ಇನ್ನೇನು ಉಳಿಯಿತು? ಕೌಸರ್ ಬೆಂಚಿನ ಮೇಲೆ ಕಾಗದ ಹರವಿ ಸಿದ್ದಲಿಂಗವ್ವನ ಹೇಳಿಕೆ ಬರೆಯತೊಡಗಿದಳು. ಮೊದಲ ಸಾಲಿನಲ್ಲೇ ಗಾಡಿ ನಿಂತಿತು.

"ಗಂಡನ ಹೆಸರು?"

ಸಿದ್ದಲಿಂಗವ್ವ ನಕ್ಕು ಆಚೆ ಮುಖ ಮಾಡಿದಳು.

"ಹೇಳ್ರಿ, ಬರಕೋಬೇಕು."

"ಅಕ್ಕಾರ, ಅದೆಲ್ಲಿ ಹೇಳಾಕ ಬರತೈತ್ರಿ? ಬೋರ್ಡಿನ ಮ್ಯಾಲ ಐತಿ, ಓದಿಕೋರಿ."

ಮಾಳಪ್ಪ ಖೊಳ್ಳೆಂದು ನಕ್ಕ. ಕರೆಂಟಿನ ಜೊತೆ ಹದಿನಾಲ್ಕು ವರ್ಷ ಗುದ್ದಾಡಿದ ಹೆಂಗಸಿಗೆ ಗಂಡನ ಹೆಸರು ಬಾಯಿಗೆ ಬರುವುದಿಲ್ಲ! ಆ ಕಡೆಯ ಎಷ್ಟೋ ಹೆಂಗಸರಂತೆ ಆಕೆಯೂ ಮದುವೆಯ ದಿನದಿಂದ ಆ ಹೆಸರನ್ನು ನಾಲಗೆಯ ಮೇಲೆ ತಂದವಳಲ್ಲ. ಕೌಸರ್ ನಗುತ್ತಲೇ ಬೋರ್ಡು ನೋಡಿ ಹೆಸರು ಬರೆದುಕೊಂಡಳು. ಉದ್ಯೋಗದ ಸಾಲಿಗೆ ಬಂದಾಗ ಪೆನ್ನು ಒತ್ತಿ, ಅಕ್ಷರ ದುಂಡಗೆ ಮಾಡಿ ಬರೆದಳು: ಮೋಟಾರು ಸುತ್ತುವ ತಂತ್ರಜ್ಞೆ.

ಅದನ್ನು ಓದಿ ಹೇಳಿದಾಗ ಸಿದ್ದಲಿಂಗವ್ವ, "ಇನ್ನೊಮ್ಮೆ ಓದ್ರಿ," ಎಂದಳು. ಕೌಸರ್ ಇನ್ನೊಮ್ಮೆ ಓದಿದಳು.

ಮಸಿಯ ಪ್ಯಾಡು ಬಂತು. ಎಡಗೈ ಹೆಬ್ಬೆಟ್ಟು ಕಾಗದದ ಬುಡದಲ್ಲಿ ಬಿತ್ತು. ನೀಲಿ ಗೆರೆಗಳ ನಡುವೆ, ಈ ಕೊನೆಯಿಂದ ಆ ಕೊನೆಗೆ, ಬೆಳ್ಳಗಿನ ಅಡ್ಡಗೀಟು. ತಂತಿ ಕೊರೆದ ಜಾಗಕ್ಕೆ ಮಸಿ ತಾಗಿರಲಿಲ್ಲ.

ಎಷ್ಟು ಚೆಂದದ ಸಾಕ್ಷಿ ಎಂದುಕೊಂಡಳು ಕೌಸರ್. ಯಾವ ಸರ್ಟಿಫಿಕೇಟೂ ಇದರ ಮುಂದೆ ನಿಲ್ಲುವುದಿಲ್ಲ. ಮೂರು ವರ್ಷದ ವೋಚರುಗಳಲ್ಲೂ ಇದೇ ಗೀಟು ಕಂಡರೆ ಆಫೀಸಿನ ಸಾಹೇಬರು ಮರುಮಾತಾಡದೆ ಸಹಿ ಹಾಕುತ್ತಾರೆ. ಆ ಖುಷಿಯಲ್ಲೇ ಅವಳು ಚೀಲದಿಂದ ವೋಚರಿನ ಕಟ್ಟು ಎಳೆದಳು.

ತೊಂಬತ್ತಾರರ ಎಪ್ರಿಲ್ಲಿನಿಂದ ತೊಂಬತ್ತೊಂಬತ್ತರ ಮಾರ್ಚಿನವರೆಗೆ ಮೂವತ್ತಾರು ತಿಂಗಳು, ಮೂವತ್ತಾರು ವೋಚರು. ಪ್ರತಿಯೊಂದರಲ್ಲೂ ಮಹಾದೇವನ ಅಂದವಾದ ಅಕ್ಷರ: 'ಸಿದ್ದಲಿಂಗವ್ವ ಇವರಿಗೆ ಪಗಾರ ರೂ. ೩,೫೦೦, ಎಡಗೈ ಹೆಬ್ಬೆಟ್ಟಿನ ಗುರುತು.' ಪ್ರತಿಯೊಂದರಲ್ಲೂ ರೆವಿನ್ಯೂ ಸ್ಟ್ಯಾಂಪು, ಅದರ ಪಕ್ಕ ನೀಲಿ ಹೆಬ್ಬೆಟ್ಟು.

ಮೊದಲನೆಯದನ್ನು ನೋಡಿದಳು. ಎರಡನೆಯದು. ಹತ್ತನೆಯದು. ಆಮೇಲೆ ಕೂತಲ್ಲಿಂದ ಎದ್ದು ಬಾಗಿಲ ಬೆಳಕಿಗೆ ಹೋಗಿ ಉಳಿದವನ್ನು ತಿರುವಿದಳು.

ಒಂದರಲ್ಲೂ ಅಡ್ಡಗೀಟು ಇರಲಿಲ್ಲ.

ಮೂರು ವಾರ ಈ ಕಟ್ಟು ಬಗಲಲ್ಲೇ ಇತ್ತು. ಹೆಬ್ಬೆಟ್ಟು ಇದೆಯೋ ಇಲ್ಲವೋ ಎಂದು ನೋಡಿದ್ದಳೇ ಹೊರತು ಯಾರ ಹೆಬ್ಬೆಟ್ಟು ಎಂದು ನೋಡಿರಲಿಲ್ಲ. ತನ್ನ ಮೇಲೆಯೇ ಅವಳಿಗೆ ಸಿಟ್ಟು ಬಂತು. ಬೆಳಿಗ್ಗೆಯಿಂದ ಈ ಹೆಂಗಸಿನ ಕೆಲಸವನ್ನು ನಿಜ ಮಾಡಿದ್ದು ಆ ಗೀರು, ಈಗ ಆಕೆಯ ಪಗಾರವನ್ನು ಸುಳ್ಳು ಮಾಡುತ್ತಿರುವುದೂ ಅದೇ ಗೀರು. ದುಡಿದದ್ದು ಖರೆ, ಆದರೆ ದುಡಿದವಳ ಕೈಗೆ ದುಡ್ಡು ಬಂದಿಲ್ಲ ಎಂದಾದರೆ ಪಗಾರದ ಖರ್ಚೇ ನಿಲ್ಲುವುದಿಲ್ಲ. ಮೇಲೆ ದಂಡ, ಸುಳ್ಳು ದಾಖಲೆಯ ಕೇಸು. ಉದ್ಯೋಗದ ಸಾಲಿನಲ್ಲಿ ದುಂಡಗೆ ಬರೆದ ಆ ಅಕ್ಷರಗಳೂ ಅದರ ಜೊತೆಗೆ ಹೋಗುತ್ತವೆ.

ಅವಳು ವಾಪಸ್ ಬಂದು ಕೂತಳು.

"ಸಿದ್ದಲಿಂಗವ್ವಾರ, ನಿಮ್ಮ ಪಗಾರ ನಿಮ್ಮ ಕೈಯಾಗ ಬರತಿತ್ತೇನು?"

"ಇಲ್ಲರಿ. ಸವದತ್ತಿ ಪೋಸ್ಟಿನ್ಯಾಗ ನನ್ನ ಹೆಸರಿಲೆ ಇಡತಾರ. ಪಾಸ್‌ಬುಕ್ ತಮ್ಮನ ಹಂತ್ಯಾಕ ಐತಿ."

"ಹೆಬ್ಬೆಟ್ಟು ಯಾವಾಗ ಒತ್ತತಿದ್ರಿ?"

"ಹೆಬ್ಬೆಟ್ಟ? ನಾ ಎಂದ ಒತ್ತೇನ್ರಿ? ಇವತ್ತ ಮೊದಲು."

ಮಹಾದೇವನ ಕೈಯಲ್ಲಿದ್ದ ಚಹಾದ ಗ್ಲಾಸು ಬೆಂಚಿಗೆ ಬಡಿಯಿತು. "ಅಕ್ಕಾ! ಮರತಿ ನೀ. ತಿಂಗಳಾ ತಿಂಗಳಾ ನಾ ಬಂದು ಒತ್ತಿಸಿಕೊಂಡ ಹೋಗತಿದ್ನೆಲ್ಲ?"

ಕೌಸರ್ ಅವನ ಕಡೆ ನೋಡಲಿಲ್ಲ. ವೋಚರುಗಳನ್ನು ಒಂದು ಕಡೆ, ಈಗಷ್ಟೇ ಒತ್ತಿದ ಹೇಳಿಕೆಯನ್ನು ಇನ್ನೊಂದು ಕಡೆ ಇಟ್ಟಳು. ಬಿಳಿ ಗೀಟನ್ನು ಪೆನ್ನಿನ ತುದಿಯಿಂದ ತೋರಿಸಿದಳು. ವಿವರಿಸಬೇಕಾಗಲಿಲ್ಲ. ಕೂದಲೆಳೆಯ ಗೀರು ಕಂಡುಹಿಡಿಯುವ ಹೆಂಗಸಿಗೆ ಇದು ಕಾಣದೇ?

"ಮೇಡಂ, ಒಂದು ಮಾತು," ಮಹಾದೇವನ ದನಿ ಈಗ ಬೇಡುತ್ತಿತ್ತು. "ಮಸಿ ಭಾಳ ಆದ್ರ ಗೀರ ಮುಚ್ಚತೈತ್ರಿ."

"ಮೂವತ್ತಾರು ಸಲಾನೂ?"

ಅವನು ಅಕ್ಕನ ಕಡೆ ತಿರುಗಿದ. "ಅಕ್ಕಾ, 'ನಂದ' ಅಂತ ಅಂದಬಿಡು. ಒಂದ ಮಾತು. ಕೇಸ ಇಲ್ಲೇ ಮುಗೀತೈತಿ. ಮಾವನ ಅಂಗಡಿ ಉಳೀತೈತಿ."

ಆಕೆ 'ನಂದು' ಎಂದರೆ ತಾನೇನು ಬರೆಯಬೇಕು ಎಂದು ಕೌಸರಳಿಗೂ ಗೊತ್ತಿರಲಿಲ್ಲ. ತಾಯಿಯ ನೆನಪು ಒಂದು ಕಡೆ ಎಳೆಯಿತು, ಸರಕಾರದ ಅನ್ನ ಇನ್ನೊಂದು ಕಡೆ ಎಳೆಯಿತು. ಆಕೆ ಹಾಗೆ ಅನ್ನಲಿ ಎಂದು ಒಂದು ಗಳಿಗೆ ಮನಸ್ಸಿನಲ್ಲೇ ಬೇಡಿಕೊಂಡದ್ದೂ ಉಂಟು.

ಸಿದ್ದಲಿಂಗವ್ವ ತಮ್ಮನನ್ನು ನೋಡಿದಳು.

"ಮಾದೂ, ನನ್ನ ಕೆಲಸ ಖರೇ ಐತಿ ಅಂತ ಅಕ್ಕಾರು ಬರದಾರ. ಅದರ ಬುಡಕ ನಾ ಸುಳ್ಳ ಒತ್ತಲೇನು?"

ಕೌಸರ್ ಹಣೆಯ ಬೆವರು ಒರೆಸಿಕೊಂಡಳು. ಹದಿಮೂರು ವರ್ಷದ ನೌಕರಿಯಲ್ಲಿ ವಕೀಲರು, ದೊಡ್ಡ ವ್ಯಾಪಾರಿಗಳು, ಗಿರಣಿ ಮಾಲಕರು ಎಲ್ಲರ ಹೇಳಿಕೆ ಬರೆದುಕೊಂಡಿದ್ದಳು. ಇಂಥ ಮಾತು ಕೇಳಿದ್ದು ಇದೇ ಮೊದಲು.

"ಹಂಗಾರ ಇದು ಯಾರ ಹೆಬ್ಬೆಟ್ಟು? ನಿಮ್ಮ ತಮ್ಮಂದೇನು?"

ಮಹಾದೇವ ಎರಡೂ ಹೆಬ್ಬೆರಳು ಮುಂದೆ ಚಾಚಿದ. "ನೋಡಿಕೋರಿ, ಬೇಕಾದ್ರ ಒತ್ತಿಸಿಕೋರಿ."

ಸಿದ್ದಲಿಂಗವ್ವ ಒಂದು ವೋಚರು ಎತ್ತಿಕೊಂಡು ಬೆಳಕಿಗೆ ಹಿಡಿದಳು. ಮತ್ತೊಂದು ಎತ್ತಿಕೊಂಡಳು. ಮೂರನೆಯದಕ್ಕೆ ಆಕೆಯ ಮುಖದಲ್ಲಿದ್ದ ರಕ್ತವೆಲ್ಲ ಇಳಿದುಹೋಯಿತು.

"ಅವಂದಲ್ಲರಿ," ಎಂದಳು ಮೆಲ್ಲಗೆ. "ಇಲ್ಲಿ ಮೂಲ್ಯಾಗ ಗುಂಡಗ ಬೋಳ ಐತಿ ನೋಡ್ರಿ, ಎಲ್ಲಾದ್ರಾಗೂ ಐತಿ. ಕಾದ ಸೋಲ್ಡರಿಂಗ್ ಕಡ್ಡಿ ತಾಗಿದ ಕಲಿ ಇದು. ತಿಂಗಳಗಟ್ಲೆ ತುಪ್ಪಾ ಹಚ್ಚಿದಾಕಿ ನಾನ."

"ಯಾರಿಗೆ ಹಚ್ಚಿದ್ರಿ? ಹೆಸರ ಹೇಳ್ರಿ."

ಸಿದ್ದಲಿಂಗವ್ವ ವೋಚರನ್ನು ಬೆಂಚಿನ ಮೇಲಿಟ್ಟಳು.

"ಆ ಹೆಸರ ನಾ ಬಾಯಿಲೆ ಹೇಳೂ ಹಂಗಿಲ್ಲರಿ, ಅಕ್ಕಾರ."

ಕೌಸರಳ ಪೆನ್ನು ಅಲ್ಲೇ ನಿಂತಿತು. ಸಿದ್ದಲಿಂಗವ್ವ ಬಾಯಿಬಿಟ್ಟು ಹೇಳಲಾರದ ಹೆಸರು ಇಡೀ ಲೋಕದಲ್ಲಿ ಒಂದೇ. ಅದನ್ನು ಅರ್ಧ ಗಂಟೆಯ ಹಿಂದೆ ಅವಳೇ ಬೋರ್ಡು ನೋಡಿ ಬರೆದುಕೊಂಡಿದ್ದಳು.

ಮಡಿವಾಳೆಪ್ಪ ಕಂಬಕ್ಕೆ ಒರಗಿ ನಿಂತಿದ್ದ. ಬೆಳಗಿನಿಂದ ಹೆಂಡತಿಯ ಕೈಗುಣ ಹೊಗಳಿ ಹೊಗಳಿ ದಣಿಯದ ಮನುಷ್ಯ. ಅವನ ಎಡಗೈ ಅಂಗಿಯ ಜೇಬಿನಲ್ಲಿತ್ತು. ಆ ಕೈ ಎಷ್ಟು ಹೊತ್ತಿನಿಂದ ಅಲ್ಲಿತ್ತೋ ಕೌಸರ್ ಗಮನಿಸಿರಲಿಲ್ಲ.

"ಮಡಿವಾಳೆಪ್ಪ ಅವರ," ಎಂದಳು. "ಕೈ ಹೊರಗ ತಗೀರಿ."

"ತಡೀರಿ ಅಕ್ಕಾರ," ಸಿದ್ದಲಿಂಗವ್ವ ಅಡ್ಡ ಬಂದಳು. ದನಿ ಏರಿರಲಿಲ್ಲ, ಆದರೆ ಎಲ್ಲರೂ ಆ ಕಡೆ ತಿರುಗಿದರು. "ಮೊದಲ ನಂದೊಂದು ಮಾತು ಐತಿ. ಮೂರು ವರ್ಷ ನನ್ನ ಪಗಾರ ಎಲ್ಲಿ ಹೋತು ಅಂತ ಇವರು ಹೇಳಲಿ. ನಿಮಗಲ್ಲ, ನನಗ ಹೇಳಲಿ."

ಮಡಿವಾಳೆಪ್ಪನ ಕಣ್ಣು ತುಂಬಿ ಬಂತು.

"ಹೇಳತೇನಿ. ಇನ್ನ ಮುಚ್ಚಿ ಏನ ಮಾಡೂದೈತಿ? ಆ ರೊಕ್ಕ ತಿಂಗಳಾ ಸವದತ್ತ್ಯಾಗ..."

"ಮಾವಾ!" ಮಹಾದೇವ ಬೆಂಚು ದಾಟಿ ಬಂದು ಭಾವನ ಬಾಯಿಗೆ ಅಂಗೈ ಒತ್ತಿದ. "ಹೇಳಬ್ಯಾಡ್ರಿ! ನಿಮಗ ಕೈ ಮುಗೀತೇನಿ. ಜೇಲಿಗೆ ಹಾಕಿದ್ರ ನಾ ಹೋಗತೇನಿ. ಇದು ಗೊತ್ತಾದ್ರ ಅಕ್ಕ ಇನ್ನ ಈ ಜನ್ಮದಾಗ ತಂತಿ ಮುಟ್ಟಂಗಿಲ್ಲ!"

ಹೊರಗೆ ಟೆಂಪೋದವನು ಹಾರ್ನು ಹೊಡೆದ.

ಸಿದ್ದಲಿಂಗವ್ವ ಮಷೀನಿನ ಹತ್ತಿರ ಹೋದಳು. ಆಗಷ್ಟೇ ಸುತ್ತಿದ ಐವತ್ನಾಲ್ಕು ಎಳೆಯ ಸುರುಳಿಯನ್ನು ಕಳಚಿ ತಂದು, ಗಂಡನ ಕಾಲ ಬುಡದಲ್ಲಿ ನೆಲಕ್ಕಿಟ್ಟಳು. ಆಮೇಲೆ ಎರಡೂ ಕೈಗಳನ್ನು ಸೆರಗಿನೊಳಗೆ ಸುತ್ತಿಕೊಂಡು ಅವನೆದುರು ಕೂತಳು.

"ಈಗ ತಂತಿ ಮುಟ್ಟೂದ ಬಿಟ್ಟೇನಿ," ಎಂದಳು. "ಹೇಳ್ರಿ."